ಏಳೂ ಸ್ವರ ಕೆಂಪು

ಪರಮೇಶನ ಬಯೋಡೇಟಾದ ಎರಡನೆಯ ಪುಟದಲ್ಲಿ 'ಧಾರವಾಡ' ಎಂಬ ಒಂದೇ ಒಂದು ಪದ ಇತ್ತು. ಆ ಶುಕ್ರವಾರದ ಎಲ್ಲ ರಾದ್ಧಾಂತಕ್ಕೂ ಅದೇ ಮೂಲ.

ಅವನು ಲಿಂಗಸುಗೂರಿನವನು. ಧಾರವಾಡದಲ್ಲಿ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದು ನಿಜ. ಅವನ ಬಾಡಿಗೆ ಕೋಣೆಯ ಗೋಡೆಯಾಚೆಗೆ ಒಬ್ಬ ಸಂಗೀತ ಮಾಸ್ತರರು ಇದ್ದದ್ದೂ ನಿಜ. ಆದರೆ ಸಂಗೀತಕ್ಕೂ ಅವನಿಗೂ ಇದ್ದ ನಂಟು ಇಷ್ಟೇ: ಬೆಳಗಿನ ಐದಕ್ಕೆಲ್ಲ ತಂಬೂರಿ ಶುರುವಾಗುತ್ತದೆ, ಪರೀಕ್ಷೆಗೆ ಓದುವವರ ನಿದ್ದೆ ಹಾಳಾಗುತ್ತದೆ ಎಂದು ಮನೆಯ ಮಾಲೀಕರಿಗೆ ಎರಡು ಸಲ ಅರ್ಜಿ ಬರೆದುಕೊಟ್ಟಿದ್ದ.

ಈಗ ಅವನು ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಹೈಟೆಕ್ ಸಿಟಿಯ ಸುತ್ತ ಗಾಜಿನ ಕಟ್ಟಡಗಳು ತಿಂಗಳಿಗೊಂದರಂತೆ ಏಳುತ್ತಿದ್ದ ಕಾಲ ಅದು. ಕಂಪ್ಯೂಟರ್ ಕೋರ್ಸುಗಳೇ ತುಂಬಿದ ಅಮೀರ್‌ಪೇಟೆಯಲ್ಲಿ ನಿಂತು 'ಜಾವಾ' ಎಂದು ಕೂಗಿದರೆ ಚಲಿಸುವ ಬಸ್ಸಿನಿಂದಲೂ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಇಂಥ ಸುಗ್ಗಿಯಲ್ಲೂ ಪರಮೇಶ ಏಳು ವಾರದಿಂದ 'ಬೆಂಚಿ'ನ ಮೇಲಿದ್ದ. ಕೆಲಸ ಇದೆ, ಕುರ್ಚಿ ಇದೆ, ಮಾಡಲು ಮಾತ್ರ ಏನೂ ಇಲ್ಲ ಎಂಬ ಸ್ಥಿತಿಗೆ ಕಂಪನಿಗಳಲ್ಲಿ ಬೆಂಚು ಎನ್ನುತ್ತಾರೆ. ಮದುವೆ ಮನೆಯಲ್ಲಿ ಊಟದ ಸಾಲು ಸಿಗದೆ ಕಂಬಕ್ಕೆ ಒರಗಿ ನಿಂತವನ ಹಾಗೆ. ಬೆಂಚಿನಲ್ಲಿ ಅವನ ಜೊತೆಗಿದ್ದ ಇಬ್ಬರು ಹೋದ ವಾರವಷ್ಟೇ ಒಂದೊಂದು ಲಕೋಟೆ ಹಿಡಿದುಕೊಂಡು ಮನೆಗೆ ಹೋಗಿದ್ದರು.

ಬೆಳಗಿನ ಏಳಕ್ಕೆ ಮ್ಯಾನೇಜರ್ ನಿಶಾಂತನ ಫೋನು ಬಂತು. ನಿಶಾಂತನ ಮನೆಯವರು ಕರ್ನಾಟಕದಿಂದ ಬಂದು ಕಾಚಿಗುಡದಲ್ಲಿ ನೆಲೆಸಿ ಮೂರು ತಲೆಮಾರಾಗಿತ್ತು. ಅವನ ಕನ್ನಡದಲ್ಲಿ ಅರ್ಧ ಉರ್ದು, ಉಳಿದರ್ಧ ಅವಸರ.

"ಪರಮೇಶ್, ನೀ ಧಾರವಾಡದಾಂವ ಅಲ್ಲಾ?"

"ಅಲ್ಲೇ ಓದೀನ್ರಿ ಸರ್."

"ಅಂದ್ರ ಗಾನಾ-ಬಜಾನಾ ಬರ್ತದ."

ಅದು ಪ್ರಶ್ನೆಯಾಗಿರಲಿಲ್ಲ. ಪರಮೇಶ ತಡವರಿಸಿದ. "ಸ್ವಲ್ಪ ಕಿವಿ ಮ್ಯಾಲೆ ಬಿದ್ದೈತ್ರಿ ಸರ್."

"ಬಸ್! ಅಷ್ಟ ಬೇಕಾಗಿತ್ತು. ಕೇಳಿಲ್ಲಿ. ನಮ್ಮ ಸ್ವರಮಿತ್ರ ಸಾಫ್ಟ್‌ವೇರ್ ಅದ ಅಲ್ಲಾ, ಮೈಕಿನಾಗ ಹಾಡಿದ್ರ ಸ್ವರ ಸರಿ ಇದ್ರ ಹಸಿರು ದೀಪ, ತಪ್ಪಿದ್ರ ಕೆಂಪು? ಪುಣೆಯಿಂದ ದತ್ತಾತ್ರೇಯ ಸಾಹೇಬ್ರು ಅದನ್ನ ನೋಡಲಿಕ್ಕೆ ಬರಾಕತ್ತಾರ, ಮಧ್ಯಾಹ್ನ ಮೂರಕ್ಕ. ಸಂಗೀತ ಕಲಿಸೋ ಸೀಡಿ ಮಾಡ್ತಾರ ಅವರು. ನಾವು ಗೊತ್ತು ಮಾಡಿದ ಹಾಡೋ ಹುಡುಗಿಗೆ ಗಂಟಲು ಕೂತದ. ನೀ ಹಾಡು. ಏಳು ಸ್ವರ, ಮ್ಯಾಲೆ ಹತ್ತೂದು, ಕೆಳಗ ಇಳಿಯೂದು. ಖಲಾಸ್."

"ಸರ್, ನಾನು ಅಂದ್ರ..."

"ಸೋಮವಾರ ಬೆಂಚಿನವರ ಲಿಸ್ಟ್ ಮ್ಯಾಲೆ ಹೋಗ್ತದ, ಯಾರ್. ನಿನ್ನ ಹೆಸರು ಬ್ಯಾರೆ ಕಡೆ ಬರೀಬೇಕಂತ ನನ್ನ ಮನಸಿನಾಗ ಅದ. ಜಲ್ದಿ ಬಾ."

ಫೋನು ಇಟ್ಟು ಪರಮೇಶ ತಿರುಗಿದ. ಹೆಂಡತಿ ರೇಣುಕಾ ಚಹಾದ ಲೋಟ ಹಿಡಿದು ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನೀವು ಹಾಡ್ತೀರಿ?" ಎಂದಳು. "ಸತ್ಯನಾರಾಯಣ ಪೂಜಾದಾಗ ನೀವು ಆರತಿ ಹಾಡಾಕ ಹತ್ತಿದ್ದ ತಡ, ಭಟ್ರು ಗಂಟಿ ಹೆಂಗ ಬಡದ್ರು ಮರತ್ರೇನು? ಗಂಟಿ ನಾಲಗಿ ಕಿತ್ತು ಬಂದಿತ್ತು."

"ಎಂಟು ತಾಸು ಐತಿ, ರೇಣುಕಾ. ಏಳು ಸ್ವರ. ತಾಸಿಗೆ ಒಂದರಂಗ ಕಲ್ತ್ರೂ ಒಂದು ತಾಸು ಉಳೀತೈತಿ."

ಇಂಜಿನಿಯರನ ಲೆಕ್ಕ ಅವಳಿಗೆ ಹಿಡಿಸಿತೋ ಇಲ್ಲವೋ, ಗಂಡನ ತೋಳು ಹಿಡಿದು ನೇರವಾಗಿ ಕೆಳಗಿನ ಮನೆಗೆ ಕರೆದೊಯ್ದಳು.

ಕೂಕಟ್‌ಪಲ್ಲಿಯ ಆ ಮೂರಂತಸ್ತಿನ ಕಟ್ಟಡದ ಮಾಲಕಿ ಪಾರ್ವತಿಬಾಯಿ. ಬೀದರಿನ ಹೆಂಗಸು, ಅರವತ್ತು ದಾಟಿದ್ದರೂ ದನಿ ಮಾತ್ರ ಹೊಸ ಸ್ಟೀಲ್ ಕೊಡದ ಹಾಗೆ ಖಣಖಣ. ಓಣಿಯ ಭಜನಾ ಮಂಡಳಿಯ ಮುಖ್ಯಸ್ಥೆ, ಮನೆಯಲ್ಲಿ ಹಾರ್ಮೋನಿಯಂ ಇಟ್ಟವಳು. ವಿಷಯ ಕೇಳಿ ಆಕೆಯ ಕಣ್ಣು ಮಿಂಚಿದವು. ಇಂಥ ಸಂಕಟವೊಂದು ತಾನಾಗಿ ಮನೆ ಬಾಗಿಲಿಗೆ ಬಂದು ಎಷ್ಟೋ ದಿನವಾಗಿತ್ತು.

"ಕೂಡಪಾ. ಮೊದಲು ಸಾ ಹಚ್ಚು."

"ಸಾ ಎಲ್ಲಿ ಐತ್ರಿ, ಬಾಯಿ?" ಪರಮೇಶ ಹಾರ್ಮೋನಿಯಮ್ಮಿನ ಮನೆಗಳನ್ನು ನೋಡುತ್ತ ಕೇಳಿದ.

"ಇದರಾಗ ಎಲ್ಲಿ ಹುಡುಕ್ತಿ? ನಿನ್ನ ಸಾ ನಿನ್ನ ಗಂಟಲದಾಗ ಅದ. ನೀ ಎಲ್ಲಿ ಆರಾಮಾಗಿ ನಿಲ್ತಿ, ಅದೇ ನಿನ್ನ ಸಾ. ನಂದು ಬ್ಯಾರೆ, ನಿಂದು ಬ್ಯಾರೆ."

ಪರಮೇಶ ನೋಟ್‌ಬುಕ್ಕಿನಲ್ಲಿ 'ಸಾ =' ಎಂದು ಬರೆದು ಮುಂದೇನು ಬರೆಯಬೇಕೆಂದು ತಿಳಿಯದೆ ಪೆನ್ನು ಎತ್ತಿದ. ಮೊದಲನೆಯ ಸ್ವರಕ್ಕೇ ವಿಳಾಸವಿಲ್ಲ.

"ಒಮ್ಮೆ ಸಾ ಊರಿದಿ ಅಂದ್ರ ಮುಂದಿನವು ಎಲ್ಲಾ ಅದರ ಲೆಕ್ಕದಾಗ ಬರ್ತಾವ," ಎಂದು ಪಾರ್ವತಿಬಾಯಿ ಮುಂದುವರಿಸಿದಳು. "ಸಾ, ಪಂಚಮ ಅಂದ್ರ ಪಾ, ಎರಡೂ ಗಟ್ಟಿ. ಅಲುಗಾಡಂಗಿಲ್ಲ. ಉಳದ ಐದಕ್ಕ ಎರಡೆರಡು ರೂಪ. ಎಷ್ಟಾತು?"

"ಹನ್ನೆರಡು!" ಲೆಕ್ಕ ಸಿಕ್ಕಿದ್ದಕ್ಕೆ ಪರಮೇಶನಿಗೆ ಖುಷಿಯಾಯಿತು.

"ಶಾಣ್ಯಾ ಇದ್ದಿ. ಈಗ ಹಾಡು."

ಪರಮೇಶ ಹಾಡಿದ. ಪಾರ್ವತಿಬಾಯಿಯ ಕೈ ಹಾರ್ಮೋನಿಯಮ್ಮಿನ ತಿದಿಯ ಮೇಲೇ ನಿಂತುಬಿಟ್ಟಿತು. ಪೆಟ್ಟಿಗೆ ತನ್ನಷ್ಟಕ್ಕೆ ತಾನು ಒಂದು ನಿಟ್ಟುಸಿರು ಬಿಟ್ಟು ಸುಮ್ಮನಾಯಿತು. ರೇಣುಕಾ ಗೋಡೆಯ ಕ್ಯಾಲೆಂಡರನ್ನು ಆಸಕ್ತಿಯಿಂದ ಓದತೊಡಗಿದಳು.

"ನಿನಗ ಮ್ಯಾಲ್ಯಾವುದು ಕೆಳಗ್ಯಾವುದು ಅಂತನ ತಿಳೀವಲ್ತಲ್ಲೋ!" ಎಂದಳು ಪಾರ್ವತಿಬಾಯಿ. "ಏಳು, ಹೊರಗ ನಡಿ."

ಹೊರಗೆ ಮೆಟ್ಟಿಲುಗಳಿದ್ದವು. ಕೆಳಗಿನಿಂದ ಮೊದಲ ತಿರುವಿನವರೆಗೆ ಸರಿಯಾಗಿ ಎಂಟು. ಪಾರ್ವತಿಬಾಯಿ ಅವನನ್ನು ಮೊದಲನೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಇದು ಸಾ ಎಂದಳು. ಎರಡನೆಯದು ರಿ, ಮೂರನೆಯದು ಗ. ಹೀಗೆ ಏರಿದರೆ ಎಂಟನೆಯದು ಮತ್ತೆ ಸಾ, ಮೇಲಿನ ಸಾ. ಹತ್ತುವುದು ಆರೋಹ, ಇಳಿಯುವುದು ಅವರೋಹ. ಒಂದೊಂದು ಮೆಟ್ಟಿಲಿಗೆ ದನಿಯೂ ಒಂದೊಂದು ಮೆಟ್ಟಿಲು ಏರಬೇಕು.

ಆಶ್ಚರ್ಯವೆಂದರೆ ಇದು ಕೊಂಚ ಕೆಲಸ ಮಾಡಿತು. ಕಾಲು ಏರಿದಂತೆ ಪರಮೇಶನ ದನಿಯೂ ತೂರಾಡುತ್ತ ಏರಿತು, ಕಾಲು ಇಳಿದಂತೆ ಇಳಿಯಿತು.

"ಅಲ್ರಿ ಬಾಯಿ, ಬರೀ ಹತ್ತಿ ಇಳದ್ರ ಹಾಡು ಆತೇನ್ರಿ?" ಎಂದು ಎಂಟನೆಯ ಮೆಟ್ಟಿಲ ಮೇಲಿಂದ ಉಬ್ಬಸ ಬಿಡುತ್ತ ಕೇಳಿದ.

"ಅದು ಬರೀ ಕವಾಯತು. ಹಾಡಂದ್ರ ಓಣ್ಯಾಗ ತಿರುಗಾಡಿದಂಗ. ಎರಡು ಹತ್ತಿ, ಒಂದು ಇಳದು, ಬೇಕಾದ ಕಡೆ ಒಂದೀಟು ನಿಂತು, ಮತ್ತ ಮನಿಗೆ, ಅಂದ್ರ ಸಾ ಕಡೆ, ತಿರುಗಿ ಬರೂದು. ಅದಕ್ಕ ಧಾಟಿ ಅಂತಾರ."

ಪರಮೇಶ ಎರಡು ಹತ್ತಿ ಒಂದು ಇಳಿಯತೊಡಗಿದ. ಎದುರಿನ ಕಟ್ಟಡದ ಬಾಲ್ಕನಿಗಳಲ್ಲಿ ಒಬ್ಬೊಬ್ಬರಾಗಿ ಜನ ಕಾಣಿಸಿಕೊಂಡರು.

ಆಗ ಮೇಲಿನಿಂದ ವನಜಾ ಇಳಿದು ಬಂದಳು. ಮೂರನೆಯ ಅಂತಸ್ತಿನಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತದ ಪಾಠ ಹೇಳುವ ಬಳ್ಳಾರಿಯ ಟೀಚರು. ಕೈಯಲ್ಲಿ ತರಕಾರಿ ಚೀಲ, ಮುಖದಲ್ಲಿ ನೋವು.

"ಪಾರ್ವತಿಬಾಯೇರೆ, ತಪ್ಪು ತಿಳೀಬ್ಯಾಡ್ರಿ. ರಿಷಭ, ಅದೇ ರಿ, ತಪ್ಪೈತೆ."

"ಶುದ್ಧ ರಿಷಭ ಹೇಳಿಕೊಟ್ಟೀನಿ. ಏನ್ ತಪ್ಪು?"

"ಅದು ಶುದ್ಧ ಅಲ್ರಿ. ಕಲಿಯೋರಿಗೆ ಮೊದ್ಲು ಮಾಯಾಮಾಳವಗೌಳ ರಾಗ ಹೇಳ್ಬೇಕು. ಅದ್ರಾಗೆ ಶುದ್ಧ ರಿಷಭ ಇಲ್ಲಿ ಐತೆ, ಕೆಳಗೆ." ವನಜಾ ಒಂದನೆಯ ಮತ್ತು ಎರಡನೆಯ ಮೆಟ್ಟಿಲುಗಳ ನಡುವಿನ ಗಾಳಿಯನ್ನು ಬೆರಳಿನಿಂದ ತೋರಿಸಿದಳು.

"ಅಯ್ಯ, ಅದು ಕೋಮಲ!"

"ಹಿಂದೂಸ್ತಾನಿಯೋರು ನಿಮ್ಗೆ ಕೋಮಲ. ನಮ್ಗೆ ಅದೇ ಶುದ್ಧ."

"ಹಂಗಾರ ನಮ್ಮ ಶುದ್ಧ ನಿಮಗ ಅಶುದ್ಧೇನು?"

ಪರಮೇಶ ನೋಟ್‌ಬುಕ್ಕು ತೆರೆದ. ಶುದ್ಧ ಎಂದರೆ ಶುದ್ಧವಲ್ಲ. ಒಬ್ಬರ ಶುದ್ಧ ಇನ್ನೊಬ್ಬರ ಕೋಮಲ. ಕುಡಿಯುವ ನೀರಿನ ವಿಷಯದಲ್ಲೂ ಹೈದರಾಬಾದಿನಲ್ಲಿ ಇಷ್ಟು ಗೊಂದಲವಿರಲಿಲ್ಲ. "ನಾ ಎಲ್ಲಿ ನಿಲ್ಲಲಿ ಹೇಳ್ರಿ," ಎಂದು ದೈನ್ಯದಿಂದ ಬೇಡಿದ.

"ಎರಡನೇ ಮೆಟ್ಟಲಾ," ಎಂದು ಪಾರ್ವತಿಬಾಯಿ ಅವನ ಬಲಗೈ ಹಿಡಿದು ಮೇಲಕ್ಕೆ ಎಳೆದಳು.

"ಅರ್ಧ ಕೆಳಗೆ," ಎಂದು ವನಜಾ ಅಂಗಿಯ ತೋಳು ಹಿಡಿದು ಕೆಳಕ್ಕೆ ಜಗ್ಗಿದಳು.

ಪರಮೇಶ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ ಇಟ್ಟುಕೊಂಡು ಎರಡೂ ಕಡೆಯವರಿಗೆ ಬೇಸರವಾಗದಂತೆ "ರೀ..." ಎಂದ. ಆ ರಿಷಭ ಪಾರ್ವತಿಬಾಯಿಯದೂ ಅಲ್ಲ, ವನಜಾಳದೂ ಅಲ್ಲ, ನಡುವಿನ ಎಲ್ಲೋ ಒಂದು ನಿರಾಶ್ರಿತ ಜಾಗದ್ದು.

ಅದೇ ಹೊತ್ತಿಗೆ ಖಾಲಿ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ಒಬ್ಬಾತ ಮೇಲಿನಿಂದ ಇಳಿಯುತ್ತಿದ್ದ. "ಜರ ಪಕ್ಕಕು ಜರಗಂಡಿ ಸಾರ್!" ಎಂದು ಕೂಗಿದ. ಸಾರ್ ಪಕ್ಕಕ್ಕೆ ಸರಿಯುವ ಸ್ಥಿತಿಯಲ್ಲಿರಲಿಲ್ಲ. ಗಾಳಿಯಲ್ಲಿದ್ದ ಕಾಲು ಹುಡುಕಿಕೊಂಡು ಹೋಗಿ ಇಲ್ಲದ ಮೆಟ್ಟಿಲ ಮೇಲೆ ಇಳಿಯಿತು. ಪರಮೇಶ ಬಿದ್ದ, ಅವನನ್ನು ತಪ್ಪಿಸಲು ಹೋಗಿ ಸಿಲಿಂಡರಿನವನು ವಾಲಿದ, ಸಿಲಿಂಡರು ಹೆಗಲಿನಿಂದ ಜಾರಿ ಒಂದೊಂದೇ ಮೆಟ್ಟಿಲಿಗೆ ಲೆಕ್ಕ ಒಪ್ಪಿಸುತ್ತ ಇಳಿದು ಹೋಗಿ ಗೇಟಿಗೆ ಬಡಿದು 'ಠಣ್ಣ್' ಎಂದು ದೀರ್ಘವಾಗಿ ಮೊಳಗಿತು.

ಪರಮೇಶ ಬಿದ್ದಲ್ಲೇ ಕೂತು ಬಲಗಾಲು ಹಿಡಿದುಕೊಂಡ.

"ಪಂಚಮ," ಎಂದಳು ಪಾರ್ವತಿಬಾಯಿ.

"ಪಂಚಮವೇ," ಎಂದಳು ವನಜಾ.

ಆ ಬೆಳಗ್ಗೆ ಇಬ್ಬರೂ ಒಪ್ಪಿದ್ದು ಅದೊಂದನ್ನೇ.

ಪರಮೇಶನ ಬಲಗಾಲು ಉಳುಕಿತ್ತು. ರೇಣುಕಾ ಬಟ್ಟೆ ಸುತ್ತಿ ಬಿಗಿದಳು. ಇಬ್ಬರೂ ಗುರುಗಳು ಹನ್ನೊಂದರವರೆಗೆ ಬಿಡಲಿಲ್ಲ. ಅರ್ಧ ತಾಸು ಕೆಳಗಿನ ಮನೆ, ಅರ್ಧ ತಾಸು ಮೂರನೆಯ ಅಂತಸ್ತು, ನಡುವೆ ಕುಂಟುತ್ತ ಆರೋಹ, ಕುಂಟುತ್ತ ಅವರೋಹ. ಹೊರಡುವಾಗ ಇಬ್ಬರೂ ಗೇಟಿನವರೆಗೆ ಬಂದರು.

"ನನ್ನ ರಿ ಹಾಡು," ಎಂದಳು ಒಬ್ಬಳು.

"ಮಾಯಾಮಾಳವಗೌಳ ಮರೀಬ್ಯಾಡ್ರಿ," ಎಂದಳು ಇನ್ನೊಬ್ಬಳು.

ಮಾದಾಪುರದ ಬಸ್ಸಿನಲ್ಲಿ ಪರಮೇಶ ಬಾಯಿ ಮುಚ್ಚಿಕೊಂಡು ಗುಂಯ್‌ಗುಟ್ಟತೊಡಗಿದ. ಪಕ್ಕದ ಸೀಟಿನವನು ಎರಡು ಸ್ಟಾಪುಗಳವರೆಗೆ ಸಹಿಸಿ, ಆಮೇಲೆ ಕರುಣೆಯಿಂದ ಜೇಬಿನ ಲವಂಗದ ಡಬ್ಬಿ ತೆಗೆದು ಚಾಚಿದ. "ಪನ್ನು ನೊಪ್ಪಾ?" ಹಲ್ಲುನೋವೇ ಎಂದು ಕೇಳಿದ್ದು. ಪರಮೇಶ ಇಲ್ಲವೆಂದು ತಲೆಯಾಡಿಸಿ ಪಂಚಮಕ್ಕೆ ಏರಿದ. ಆತ ಲವಂಗದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಎದ್ದು, ಮುಂದೆ ಹೋಗಿ ಕಂಬ ಹಿಡಿದು ನಿಂತ.

ಆಫೀಸಿನಲ್ಲಿ ನಿಶಾಂತ ಬಾಗಿಲಲ್ಲೇ ಕಾದಿದ್ದ. ಕೈಯಲ್ಲಿ ರೇಷ್ಮೆಯ ಕೆನೆಬಣ್ಣದ ಜುಬ್ಬಾ.

"ಇದನ್ನ ಹಾಕ್ಕೋ. ನಮ್ಮ ಮಾವಂದು. ಆದ್ಮಿ ಗವಾಯಿ ಕಂಡಂಗ ಕಾಣಬೇಕು."

ಮಾವ ದೊಡ್ಡ ಮನುಷ್ಯರಾಗಿರಬೇಕು. ಜುಬ್ಬಾದೊಳಗೆ ಪರಮೇಶ ಕಿಟಕಿಯ ಪರದೆಯ ಹಿಂದೆ ನಿಂತವನಂತೆ ಕಂಡ. ಕುಂಟುತ್ತ ಬೇರೆ ನಡೆಯುತ್ತಿದ್ದ.

"ಕಾಲಿಗೆ ಏನಾತು?"

"ರಿಷಭದಿಂದ ಬಿದ್ದೆ ಸರ್."

ನಿಶಾಂತನಿಗೆ ಅರ್ಥವಾಗಲಿಲ್ಲ. ಆದರೆ ದೊಡ್ಡ ಕಲಾವಿದರ ಮಾತು ಹೀಗೇ ಇರುತ್ತದೆಂದು ಅವನಿಗೆ ಧೈರ್ಯ ಬಂತು.

ದತ್ತಾತ್ರೇಯ ಸರಿಯಾಗಿ ಮೂರಕ್ಕೆ ಬಂದರು. ಬಿಳಿ ಮೀಸೆಯ ತೆಳ್ಳಗಿನ ಮನುಷ್ಯ, ಧೋತರದ ಕೆಳಗೆ ಆಟಗಾರರು ಹಾಕುವಂಥ ಕ್ಯಾನ್ವಾಸ್ ಬೂಟು. ಹುಟ್ಟಿದ್ದು ಬೆಳಗಾವಿ, ಬದುಕಿದ್ದು ಪುಣೆ. ಕನ್ನಡ ಸಂಘದ ಯಾವುದೋ ಸಮಾರಂಭದಲ್ಲಿ ನಿಶಾಂತನಿಗೆ ಪರಿಚಯವಾದವರು. ಚಹಾ ಬೇಡವೆಂದರು, ಬಿಸ್ಕತ್ತು ಬೇಡವೆಂದರು. ಕುರ್ಚಿಯಲ್ಲಿ ಕಾಲು ಮಡಚಿ ಕುಳಿತು ಕಣ್ಣು ಮುಚ್ಚಿದರು.

"ಇವರು ನಮ್ಮ ಪರಮೇಶ್," ಎಂದ ನಿಶಾಂತ. "ಧಾರವಾಡದವರು."

ಮುಚ್ಚಿದ ಕಣ್ಣುಗಳ ಮೇಲೆ ಹುಬ್ಬು ಗೌರವದಿಂದ ಮೇಲೇರಿದವು. "ಹಾಡ್ರಿ."

ಕಂಪ್ಯೂಟರಿನಿಂದ ತಂಬೂರಿಯ ನಾದ ಹೊರಟಿತು. ಪರದೆಯ ಮೇಲೆ ಎಂಟು ದೀಪಗಳ ಸಾಲು. ಪರಮೇಶ ಜಾರುತ್ತಿದ್ದ ಜುಬ್ಬಾದ ತೋಳನ್ನು ಮೇಲೇರಿಸಿಕೊಂಡ. ಸೋಮವಾರದ ಲಿಸ್ಟು ಕಣ್ಣ ಮುಂದೆ ಬಂತು. ಬಾಯಿ ತೆರೆದ.

ಸಾ. ಕೆಂಪು.

ಆರಾಮಾಗಿ ನಿಲ್ಲುವ ಜಾಗವೇ ಸಾ ಎಂದಿದ್ದಳು ಪಾರ್ವತಿಬಾಯಿ. ಅಲ್ಲಿ ಪರಮೇಶ ಆರಾಮಾಗಿರಲಿಲ್ಲ. ರಿ ಹಾಡುವಾಗ ಪಾರ್ವತಿಬಾಯಿ ಒಂದು ಕಡೆ ಎಳೆದಳು, ವನಜಾ ಇನ್ನೊಂದು ಕಡೆ ಜಗ್ಗಿದಳು. ಕೆಂಪು. ಗಾಂಧಾರ ಕೆಂಪು, ಮಧ್ಯಮ ಕೆಂಪು. ಅಲುಗಾಡದ ಪಂಚಮವೂ ಅಲುಗಾಡಿತು. ಧ, ನಿ ಕೆಂಪು. ಮೇಲಿನ ಸಾ ಹೊತ್ತಿಗೆ ಪರದೆ ಸಿಗ್ನಲ್ ಬಿದ್ದ ಅಮೀರ್‌ಪೇಟೆ ಸರ್ಕಲ್ಲಿನಂತೆ ಕಾಣುತ್ತಿತ್ತು.

ನಿಶಾಂತ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ದತ್ತಾತ್ರೇಯ ಕಣ್ಣು ತೆರೆದು ಪರದೆಯನ್ನು ನೋಡಿದರು. ಪರಮೇಶನನ್ನು ನೋಡಿದರು. "ಮತ್ತೊಮ್ಮೆ."

ಮತ್ತೊಮ್ಮೆ ಎಲ್ಲವೂ ಕೆಂಪು.

"ವಾಹವಾ!" ಎಂದು ದತ್ತಾತ್ರೇಯ ತೊಡೆ ತಟ್ಟಿದರು. "ಅಗದೀ ಝಕಾಸ್!"

ನಿಶಾಂತ ಬೆರಳುಗಳ ಸಂದಿಯಿಂದ ಇಣುಕಿದ.

"ನಿಶಾಂತರಾವ್, ಇದಕ್ಕಿಂತ ಮೊದಲ ಎರಡು ಕಂಪನಿ ನೋಡಿ ಬಂದೀನಿ. ಛಲೋ ಛಲೋ ಹಾಡವ್ರನ್ನ ಕರಿಸಿದ್ರು. ಎಲ್ಲಾ ಹಸಿರು. ನನಗ ಸಂಶಯ ಬಂತು. ಒಂದು ಕಡೆ ಮೈಕಿನ ಮುಂದ ಸೀನಿದೆ. ಅದೂ ಹಸಿರು!" ಅವರು ಮುಂದೆ ಬಾಗಿದರು. "ತಪ್ಪು ಹಿಡಿಯೂ ಮಶೀನಿಗೆ ತಪ್ಪು ತೋರಿಸೂ ಅಕ್ಕಲ್ ನಿಮಗೊಬ್ಬರಿಗೇ ಬಂತು ನೋಡ್ರಿ. ಅದೂ ಎಂಥಾ ತಪ್ಪು! ಸಾ ಅಂಬೂದು ಒಂದು ಎಳಿ ಕೆಳಗ. ರಿಷಭ ನೋಡ್ರಿ, ಕೋಮಲೂ ಅಲ್ಲ, ಶುದ್ಧೂ ಅಲ್ಲ, ಸರಿಯಾಗಿ ನಡುವ! ಅಲ್ಲಿ ನಿಂದ್ರೂದು ಹುಡುಗಾಟಿಕಿ ಅಲ್ಲ. ಎಷ್ಟು ವರ್ಷದ ಸಾಧನಾ, ಪರಮೇಶಪ್ಪಾ?"

"ನಾ ಬೇಕಂತ ಹಂಗ..." ಎಂದು ಪರಮೇಶ ಬಾಯಿ ತೆರೆಯುವಷ್ಟರಲ್ಲಿ ನಿಶಾಂತ ಮೇಜಿನ ಕೆಳಗೆ ಅವನ ಕಾಲು ತುಳಿದ. ಉಳುಕಿದ ಕಾಲೇ ಸಿಕ್ಕಿತು. ಪರಮೇಶನ ಕಣ್ಣಲ್ಲಿ ನೀರು ಬಂತು.

"ನೋಡ್ರಿ, ವಿನಯ," ಎಂದರು ದತ್ತಾತ್ರೇಯ.

ಅವರ ಯೋಜನೆ ಹೀಗಿತ್ತು. ಸೀಡಿಯಲ್ಲಿ ಪ್ರತಿ ಪಾಠಕ್ಕೂ ಒಂದು ಸರಿಯಾದ ದನಿ, ಒಂದು ತಪ್ಪಿದ ದನಿ ಇರಬೇಕು. ಎರಡನ್ನೂ ಕೇಳಿದರೆ ಮಾತ್ರ ಕಲಿಯುವವರಿಗೆ ವ್ಯತ್ಯಾಸ ತಿಳಿಯುತ್ತದೆ. ಸರಿ ಹಾಡಲು ಪುಣೆಯಲ್ಲಿ ಜನ ಸಾಲುಗಟ್ಟಿ ನಿಂತಿದ್ದರು. ತಪ್ಪು ಹಾಡಲು ಮಾತ್ರ ಯಾರೂ ಸಿಕ್ಕಿರಲಿಲ್ಲ. ಗವಾಯಿಗಳು ಬೇಕೆಂದೇ ತಪ್ಪಿದರೆ ಅದು ನಾಟಕದಂತೆ ಕೇಳುತ್ತಿತ್ತು. "ನಿಮ್ಮದು ಅಸಲೀ ತಪ್ಪು," ಎಂದು ಅವರು ಪರಮೇಶನ ಕೈ ಹಿಡಿದರು. "ವಿದ್ಯಾರ್ಥಿ ಮಾಡೂವಂಥಾದ್ದು. ಐದಕ್ಕ ಒಂದು ಪಾಠ ರೆಕಾರ್ಡ್ ಮಾಡೂಣು. ಅದು ಕೈಗೆ ಬಂದಕೂಡಲೇ ಕರಾರಿಗೆ ಸಹಿ. ಆಮ್ಯಾಲೆ ಮೂರು ತಿಂಗಳು ಪುಣೇಕ್ಕ ನಡೀರಿ, ನಮ್ಮ ಮನ್ಯಾಗ ಇರ್ರಿ, ಬಾಕಿ ಪಾಠ ಅಲ್ಲಿ."

ನಿಶಾಂತ ಪರಮೇಶನನ್ನು ಪಕ್ಕಕ್ಕೆ ಕರೆದು ಅಪ್ಪಿಕೊಂಡ. "ಬೆಂಚು ಗಿಂಚು ಮರತುಬಿಡು ಭಯ್ಯಾ. ಈ ಪ್ರಾಜೆಕ್ಟಿಗೆ ನೀನೇ ಲೀಡ್."

ಪರಮೇಶ ಮನೆಗೆ ಫೋನು ಮಾಡಿದ. ರೇಣುಕಾಳ ಕಿರುಚಾಟ ಕೇಳಿ ಪಾರ್ವತಿಬಾಯಿ ಬಂದಳು, ವನಜಾ ಬಂದಳು. ಯಾರ ಪಾಠದಿಂದ ಗೆದ್ದದ್ದೆಂದು ಅಲ್ಲೇ ವಾದ ಶುರುವಾದದ್ದು ಫೋನಿನಲ್ಲೇ ಕೇಳಿಸಿತು. ಪರಮೇಶ ನಗುತ್ತ ಫೋನು ಇಟ್ಟ. ಏಳು ವಾರಗಳಲ್ಲಿ ಮೊದಲ ಬಾರಿಗೆ ಕ್ಯಾಂಟೀನಿಗೆ ಎದೆಯೆತ್ತಿ ಹೋದ. ಎರಡು ಸಮೋಸ ತಿಂದ. ಇರಾನಿ ಚಹಾ ಕುಡಿದ. ಕಾಲು ನೋವೂ ಎಲ್ಲೋ ಹೋಗಿತ್ತು.

ಐದಕ್ಕೆ ಮೀಟಿಂಗ್ ಕೋಣೆಯ ಗಾಜಿಗೆಲ್ಲ ಕಂಬಳಿ ಹೊದಿಸಿ ರೆಕಾರ್ಡಿಂಗ್ ಶುರು ಮಾಡಿದರು. ತಂಬೂರಿ ಮೊಳಗಿತು. ಪರಮೇಶ ಜುಬ್ಬಾದ ತೋಳು ಮಡಚಿ, ನಿಶ್ಚಿಂತೆಯಿಂದ, ಊಟವಾದ ಮೇಲೆ ಕಾಲು ಚಾಚಿ ಕುಳಿತವನ ಹಾಗೆ ಬಾಯಿ ತೆರೆದ.

ಸಾ.

ಹಸಿರು.

ಪರಮೇಶನಿಗೆ ಏನೋ ಆಯಿತು. ತನ್ನ ದನಿ ಯಾವುದು, ತಂಬೂರಿಯ ದನಿ ಯಾವುದು ಎಂದೇ ಗೊತ್ತಾಗಲಿಲ್ಲ. ಎರಡು ಹನಿ ನೀರು ಒಂದಾದಂತೆ ಕೂಡಿಕೊಂಡಿದ್ದವು. ಮೈ ಜುಮ್ಮೆಂದಿತು. ದನಿ ತಾನಾಗಿ ಮೇಲೇರಿತು. ರಿ ಹಸಿರು. ಗ, ಮ ಹಸಿರು. ಪಂಚಮ ಕಲ್ಲಿನ ಕಂಬದ ಹಾಗೆ ನಿಂತಿತು. ಧ, ನಿ, ಮೇಲಿನ ಸಾ. ಪರದೆಯೆಂಬುದು ಭತ್ತದ ಗದ್ದೆಯಾಗಿತ್ತು. ಪರಮೇಶ ಕಣ್ಣು ಮುಚ್ಚಿಕೊಂಡು ಅವರೋಹಕ್ಕೆ ಇಳಿದ. ಧಾರವಾಡದ ಮಾಸ್ತರರು ಬೆಳಗಿನ ಐದಕ್ಕೆ ಏಕೆ ಏಳುತ್ತಿದ್ದರೆಂದು ಅವನಿಗೆ ಆಗ ಹೊಳೆಯಿತು.

ಕಣ್ಣು ತೆರೆದಾಗ ದತ್ತಾತ್ರೇಯರ ಹುಬ್ಬು ಗಂಟಿಕ್ಕಿತ್ತು.

"ಗಮ್ಮತ್ತು ಸಾಕು, ಪರಮೇಶಪ್ಪಾ. ಈಗ ತಪ್ಪು ಹಾಡ್ರಿ."

"ಹಾಂ, ಹಾಡ್ತೀನ್ರಿ."

ಮತ್ತೆ ಎಲ್ಲವೂ ಹಸಿರು.

ಪರಮೇಶ ಬೆಚ್ಚಿದ. ತಪ್ಪಲು ಪ್ರಯತ್ನಿಸಿದ. ಸಾ ಬಿಟ್ಟು ಬೇರೆಲ್ಲಾದರೂ ನಿಲ್ಲೋಣವೆಂದರೆ ದನಿ ಮನೆ ಕಂಡ ದನದಂತೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಸೋಮವಾರದ ಲಿಸ್ಟನ್ನು ನೆನೆದ; ಭಯವಾಗಲಿಲ್ಲ, ನಗು ಬಂತು. ಇಬ್ಬರು ಗುರುಗಳ ಎಳೆದಾಟ ನೆನೆದ. ಎರಡು ರಿಷಭಗಳೂ ಬೇರೆ ಬೇರೆಯಾಗಿ, ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಿವಿಗೆ ಬಿದ್ದವು. ಕೊನೆಗೆ ಗಂಟಲು ಹಿಚುಕಿ ಕತ್ತೆಯ ಹಾಗೆ ಅರಚಿದ. ದೀಪ ಕೆಂಪಾಯಿತು.

"ಛೇ ಛೇ," ಎಂದರು ದತ್ತಾತ್ರೇಯ. "ಇದು ನಾಟಕ. ಅಸಲೀ ತಪ್ಪು ಎಲ್ಲಿ ಹೋತು?"

ಆರು ಗಂಟೆಯಾಯಿತು. ದತ್ತಾತ್ರೇಯ ಹೊರಡಲೆಂದು ತಮ್ಮ ಚೀಲಕ್ಕೆ ಕೈಹಾಕಿದರು. ಸಹಿಯಾಗದ ಕರಾರು ಮೇಜಿನ ಮೇಲೆ ಫ್ಯಾನಿನ ಗಾಳಿಗೆ ಪಟಪಟ ಎನ್ನುತ್ತಿತ್ತು. ನಿಶಾಂತನ ಸಹನೆಯ ಹಗ್ಗ ಹರಿಯಿತು.

"ಏ ಪರಮೇಶ್! ತಪ್ಪು ಹಾಡೂದು ಏನು ದೊಡ್ಡ ವಿದ್ಯಾ ಅದ? ಮಧ್ಯಾಹ್ನ ಹೆಂಗ ಹಾಡಿದಿ? ಸರಿ ಇತ್ಲಾಗ!" ಅವನು ಮೈಕನ್ನು ಕಸಿದುಕೊಂಡ. "ಹಿಂಗ ಹಾಡು ನೋಡೂಣು." ಎಂದು ಬಾಯಿಗೆ ಬಂದಂತೆ, ಸಿಟ್ಟಿನಿಂದ, ಸಾದಿಂದ ಮೇಲಿನ ಸಾದವರೆಗೆ ಹತ್ತಿ ಇಳಿದ.

ಎಲ್ಲಾ ದೀಪಗಳೂ ಕೆಂಪಾಗಿ ನಿಂತವು. ಒಂದೂ ಮಿಣುಕಲಿಲ್ಲ.

ಚೀಲದೊಳಗಿದ್ದ ದತ್ತಾತ್ರೇಯರ ಕೈ ಅಲ್ಲೇ ನಿಂತಿತು. ನಿಧಾನವಾಗಿ ಎದ್ದು ನಿಂತರು. ಕಣ್ಣು ತುಂಬಿ ಬಂದಿದ್ದವು.

"ಇನ್ನೊಮ್ಮೆ," ಎಂದರು ಪಿಸುದನಿಯಲ್ಲಿ.

ನಿಶಾಂತ ಗಾಬರಿಯಿಂದ ಇನ್ನೊಮ್ಮೆ ಹಾಡಿದ. ಕೆಂಪು ಒಂದು ಎಳೆಯಷ್ಟೂ ಕದಲಲಿಲ್ಲ.

"ಹುಟ್ಟಿಂದ ಬಂದದ್ದು," ಎಂದು ದತ್ತಾತ್ರೇಯ ನಿಶಾಂತನ ಎರಡೂ ಭುಜ ಹಿಡಿದರು. "ಇದು ಕಲ್ತು ಬರೂವಂಥಾದ್ದಲ್ಲ. ಇವರದು ಮಧ್ಯಾಹ್ನ ಬಂತು, ಸಂಜೀಕ ಹೋತು. ನಿಮ್ಮದು ಸಾಯೂತನಕ ಎಲ್ಲೂ ಹೋಗಂಗಿಲ್ಲ, ನಿಶಾಂತರಾವ್. ಪುಣೇಕ್ಕ ನೀವು ಬರ್ರಿ."

ಐದು ನಿಮಿಷದಲ್ಲಿ ರೆಕಾರ್ಡಿಂಗ್ ಮುಗಿಯಿತು. ಕರಾರಿಗೆ ಸಹಿ ಬಿತ್ತು. ದತ್ತಾತ್ರೇಯ ಹೊರಡುವಾಗ ಪರಮೇಶನ ಬೆನ್ನು ತಟ್ಟಿ ಸಮಾಧಾನ ಹೇಳಿದರು. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ದನಿ ಛಲೋ ಐತಿ. ಆದ್ರ ಏನು ಮಾಡೂದು, ನಿಮ್ಮಂಗ ಸರಿ ಹಾಡವ್ರು ನಮ್ಮಲ್ಲಿ ಓಣಿಗೆ ಹತ್ತು ಮಂದಿ ಸಿಗ್ತಾರ."

ನಿಶಾಂತ ತನ್ನ ಮೇಜಿನ ಮೇಲಿನ ಕಾಗದಗಳನ್ನು ಹೆಮ್ಮೆಯಿಂದ ಜೋಡಿಸುತ್ತಿದ್ದ. ಪರಮೇಶ ಅವನೆದುರು ನಿಂತ.

"ಸರ್, ಪ್ರಾಜೆಕ್ಟು? ನಾನು ಲೀಡ್ ಅಂದಿದ್ರಿ."

"ಪ್ರಾಜೆಕ್ಟಿನಾಗ ಹಾಡೋ ಕೆಲಸ ಒಂದೇ ಉಳದದ, ಯಾರ್. ಅದು ನಂದಾತು. ಮೂರು ತಿಂಗಳು ನಾ ಇರಂಗಿಲ್ಲ. ಸೋಮವಾರದ ಲಿಸ್ಟು ನನ್ನ ಜಾಗಾದಾಗ ಬರೂ ಹೊಸಾ ಮನಷ್ಯಾ ಮಾಡ್ತಾನ. ಅವಗ ಒಂದು ಮಾತು ಹೇಳಿ ಹೋಗ್ತೀನಿ." ಆಮೇಲೆ ಕೊಂಚ ಯೋಚಿಸಿ, ಕೈ ಚಾಚಿದ. "ಜುಬ್ಬಾ ಕೊಡು. ಪುಣೇದಾಗ ಬೇಕಾಗ್ತದ."

ಪರಮೇಶ ಜುಬ್ಬಾ ಕಳಚಿ ಮಡಚುತ್ತಿದ್ದಾಗ ಅವನ ಮೇಜಿನ ಫೋನು ಗಂಟೆ ಬಾರಿಸಿತು. ರೇಣುಕಾ. ಹಿಂದೆ ಹೆಂಗಸರ ಗದ್ದಲ, ಬಾಣಲೆಯ ಸದ್ದು. ಏನೋ ಸಿಹಿ ಮಾಡುತ್ತಿದ್ದರು.

"ಏನ್ರಿ, ಎಲ್ಲಾರೂ ಕಾಯಾಕತ್ತೀವಿ. ರೆಕಾರ್ಡಿಂಗ್ ಆತಿಲ್ಲೊ? ಯಾಕ ಇಷ್ಟು ತಡಾ? ಅಯ್ಯ, ಹಾಡೂದ್ರಾಗ ಏನರ ತಪ್ಪಾತೇನ್ರಿ?"

"ಇಲ್ಲ ರೇಣುಕಾ," ಎಂದ ಪರಮೇಶ, ಮಡಚಿದ ಜುಬ್ಬಾವನ್ನು ಮೇಜಿನ ಮೇಲಿಡುತ್ತ. "ಒಂದೂ ತಪ್ಪಾಗಲಿಲ್ಲ."